ಉದುರಿದ ಗಾರೆ

"ಆಂಟೀ, ಬೇಗ ಬನ್ನಿ! ಗೋಡೆಯ ಗಾರೆಯೆಲ್ಲ ಕೆಳಗೆ ಬಂತು!"

ಪಕ್ಕದ ಮನೆಯ ಇಂಚರ ಕೂಗಿದ್ದು ನನ್ನನ್ನಲ್ಲ, ನನ್ನ ಹೆಂಡತಿ ಪ್ರೇಮಕುಮಾರಿಯನ್ನು. ಹಾಸನದಲ್ಲಿ ಪೊಲೀಸ್ ಎಎಸ್‌ಐ ಆಗಿ ನಿವೃತ್ತಿಯಾದವಳು ಅವಳು. ನಮ್ಮ ಲೇಔಟಿನಲ್ಲಿ ಚಪ್ಪಲಿ ಕಳೆದರೂ ಮೊದಲು ಅವಳಿಗೇ ದೂರು. ಸಿಮೆಂಟ್ ಅಂಗಡಿಯ ಪಂಚಾಕ್ಷರಯ್ಯನನ್ನು, ಅಂದರೆ ನನ್ನನ್ನು, ಯಾರು ಕರೆಯುತ್ತಾರೆ? ಆದರೂ ಕಾಫಿ ಲೋಟ ಬಿಟ್ಟು ಅವಳ ಹಿಂದೆಯೇ ಓಡಿದೆ. ಆ ಮನೆಗೆ ಸಿಮೆಂಟ್ ಹೋಗಿದ್ದು ನನ್ನ ಅಂಗಡಿಯಿಂದ!

ಇಂಚರ ಮತ್ತು ಅವಳ ಗಂಡ ಪ್ರದ್ಯುಮ್ನ ತಮ್ಮ ಬಾಡಿಗೆ ಮನೆಗೆ ಅಂಟಿಕೊಂಡ ಸೈಟಿನಲ್ಲೇ ಪುಟ್ಟ ಮನೆ ಕಟ್ಟಿಸುತ್ತಿದ್ದರು. ಎರಡು ಕೋಣೆ, ಒಂದು ನಡುಮನೆ. ಕೋಣೆಗಳ ಗಾರೆ ಮುಗಿದಿತ್ತು. ಮೊನ್ನೆ ಬಳಿದ ನಡುಮನೆಯ ಉದ್ದ ಗೋಡೆ ಮಾತ್ರ ಬೆತ್ತಲಾಗಿತ್ತು. ಅದರ ಗಾರೆಯೆಲ್ಲ ಜಾರಿ ನೆಲದ ಮೇಲೆ ಕೆಸರಿನಂತೆ ಬಿದ್ದಿತ್ತು. ಇಂಚರ ನೀರಿನ ಪೈಪು ಹಿಡಿದು ಅಳುತ್ತಿದ್ದಳು.

"ನೀರು ಜಾಸ್ತಿ ಹೊಡೆದ್ಬಿಟ್ಟೆನೇನೋ ಆಂಟಿ... ನನ್ನಿಂದಲೇ ಆಯ್ತೇನೋ..."

"ನೀರು ಹೊಡೆದ್ರೆ ಗಾರೆ ಗಟ್ಟಿಯಾಗುತ್ತೆ ಕಣಮ್ಮ, ಬೀಳಲ್ಲ," ಎಂದಳು ಪ್ರೇಮ.

ನಾನು ಬಾಗಿಲ ಪಕ್ಕದ ಖಾಲಿ ನೀರಿನ ಡ್ರಮ್ಮಿಗೆ ಒರಗಿದೆ. ತೋಳಿಗೆ ಇರುವೆ ಹತ್ತಿತು. ಕೊಡವಿಕೊಂಡು ಈಚೆ ಬಂದೆ.

ಅಷ್ಟರಲ್ಲಿ ಪ್ರದ್ಯುಮ್ನ ಫೋನ್ ಹಿಡಿದು ಒಳಗೆ ನುಗ್ಗಿದರು. ಮುಖ ಕೆಂಪಾಗಿತ್ತು.

"ಆ ಮೇಸ್ತ್ರಿ ಕೆಂಚಯ್ಯ ಸಿಮೆಂಟ್ ಕದ್ದಿದಾನೆ ಮೇಡಂ! ಫೋಟೋ ಸಮೇತ ಲೇಔಟ್ ಗ್ರೂಪಿಗೆ ಹಾಕಿದೀನಿ — ಇವನು ಕಳ್ಳ, ಯಾರೂ ಕೆಲಸ ಕೊಡಬೇಡಿ ಅಂತ. ಈಗ ಸ್ಟೇಷನ್ನಿಗೆ ಹೊರಟೆ."

"ಮಧ್ಯಾಹ್ನದವರೆಗೆ ತಡೀರಿ. ಅವನನ್ನ ಒಂದು ಮಾತು ಕೇಳೋಣ," ಎಂದಳು ಪ್ರೇಮ.

ತನ್ನೂರು ಕಟ್ಟಾಯದಿಂದ ಮೊಪೆಡ್ಡಿನಲ್ಲಿ ಬಂದ ಗಾರೆ ಮೇಸ್ತ್ರಿ ಕೆಂಚಯ್ಯನಿಗೆ ದಾರಿಯಲ್ಲೇ ಸುದ್ದಿ ಮುಟ್ಟಿತ್ತು. ಹಿಂದಿನ ಬೀದಿಯಲ್ಲಿ ಅವನು ಒಪ್ಪಿಕೊಂಡಿದ್ದ ಮನೆಯವರು ಫೋನ್ ಮಾಡಿ, ಬರಬೇಡ ಎಂದಿದ್ದರಂತೆ. ಬಿದ್ದ ಗಾರೆ ನೋಡಿ ಅವನು ತಲೆಯ ಮೇಲೆ ಕೈ ಹೊತ್ತ.

"ಕೆಂಚಯ್ಯ, ಕೋಣೆ ಗೋಡೆ ಕಲ್ಲಿನಂಗಿದೆ. ಇದೊಂದೇ ಯಾಕೆ ಬಿತ್ತು?"

"ಅದೇ ನಂಗೂ ಗೊತ್ತಾಯ್ತಿಲ್ಲ ಮೇಡಮ್ಮಾರೆ. ಅವತ್ತು ಬಳಿದಿದ್ದು ಸಂಜೆಗಂಟ ಅಸಿಯಾಗೇ ಇತ್ತು. ಮೋಡ ಐತಲ್ಲ, ಅದ್ಕೇ ಅನ್ಕಂಡು ಸುಮ್ಕಾದೆ. ಸುಮ್ಕಾಗಿದ್ದು ನಂದು ತಪ್ಪೇಯ."

"ಸಿಮೆಂಟ್ ಎಷ್ಟು ಹಾಕ್ದೆ?"

ಅವನು ಪ್ರದ್ಯುಮ್ನನ ಕಡೆ ನೋಡಿದ.

"ಅವರನ್ನೇನು ನೋಡ್ತೀಯ? ಹೇಳು."

"ಕ್ವಾಣೆಗೆ ನಾಕು ಬಾಂಡ್ಲಿ ಮರಳಿಗೆ ಒಂದು ಸಿಮೆಂಟು. ನಡುಮನೇಗೆ... ಆರಕ್ಕೆ ಒಂದು."

"ಯಾಕೆ ಕಡಿಮೆ?"

"ಅಂಗೇ ಆಕು ಅಂದ್ರು."

"ಯಾರು ಅಂದ್ರು?"

"ಸುಳ್ಳು! ಎಲ್ಲಾ ಸುಳ್ಳು!" ಪ್ರದ್ಯುಮ್ನ ಕಿರುಚಿದರು.

ಪ್ರೇಮ ಅವರನ್ನು ಹಿತ್ತಲ ಕಡೆಗೆ ಕರೆದುಕೊಂಡು ಹೋದಳು. ನಾನೂ ಹೋದೆ.

"ಪ್ರದ್ಯುಮ್ನ, ಸರ್ವೀಸಿನಲ್ಲಿದ್ದಾಗಲೂ ನನಗೆ ಅನುಮಾನ ಬರ್ತಿದ್ದದ್ದು ಗಂಟಲು ಜೋರಿರೋರ ಮೇಲೆ. ಯಾರು ಹೇಳಿದ್ದು?"

ಅವರ ಗಂಟಲು ಇಳಿಯಿತು.

"ನಾನೇ. ಏನ್ ಮಾಡ್ಲಿ ಮೇಡಂ? ಗಾರೆಗೆ ಅಂತ ಒಂದೂವರೆ ಲಕ್ಷ ಎತ್ತಿಟ್ಟಿದ್ದೆ. ಅಮ್ಮನ ಕಣ್ಣಿನ ಆಪರೇಷನ್ ಬಂತು. ಹೊರಗೋಡೆ ಆಮೇಲೆ ನೋಡ್ಕೊಳ್ಳೋಣ ಅಂದ್ಕೊಂಡೆ, ಮಳೆಗಾಲ ಹತ್ರ ಬಂತು. ಒಳಗೆ ಸ್ವಲ್ಪ ಸಿಮೆಂಟ್ ಉಳಿಸಿದ್ರೆ ಹೊರಗಡೇಗೂ ಸಾಲುತ್ತೆ ಅಂತ ಲೆಕ್ಕ ಹಾಕ್ದೆ. ಗೋಡೆ ಬಿದ್ದಿದ್ದು ನೋಡಿ ಕೈಕಾಲು ಆಡಲಿಲ್ಲ. ನನ್ನ ಕಡೆ ಯಾರಾದ್ರೂ ಬೆರಳು ತೋರಿಸೋಕೆ ಮುಂಚೆ..."

ಪ್ರೇಮ ಥಟ್ಟನೆ ನನ್ನ ಕಡೆ ತಿರುಗಿದಳು.

"ರೀ, ಸಿಮೆಂಟ್ ಹಳೇ ಸ್ಟಾಕಾ?"

ಕಟ್ಟಿಕೊಂಡ ಗಂಡನಿಗೇ ವಿಚಾರಣೆ! "ಕೋಣೆಗೆ ಹೋಗಿದ್ದೂ ಅದೇ ಲೋಡು ಕಣೇ!" ಎಂದೆ. ನನ್ನ ಗಂಟಲೂ ಕೊಂಚ ಜೋರಾಗಿಯೇ ಇತ್ತು.

"ಆರಕ್ಕೆ ಒಂದು ಹಾಕಿದ್ರೆ ಹೀಗೆ ಬೀಳುತ್ತಾ?"

"ಇಲ್ಲ. ಊರಲ್ಲಿ ಅರ್ಧ ಮನೆ ಒಳಗೋಡೆ ಹಾಗೇ ನಿಂತಿರೋದು. ಮೊಳೆ ಹೊಡೆದ್ರೆ ಪುಡಿ ಉದುರಬಹುದು. ಹೀಗೆ ಕೆಸರಂತೂ ಆಗಲ್ಲ."

"ಹಾಗಾದ್ರೆ ಗಾರೆ ಬಿದ್ದಿದ್ದಕ್ಕೆ ಕಾರಣ ಸಿಮೆಂಟ್ ಕದ್ದಿದ್ದೂ ಅಲ್ಲ, ಕಮ್ಮಿ ಮಾಡಿಸಿದ್ದೂ ಅಲ್ಲ," ಎನ್ನುತ್ತ ಅವಳು ಒಳಗೆ ಹೋಗಿ ಆ ಖಾಲಿ ಡ್ರಮ್ಮನ್ನು ಬಗ್ಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

ಆಗಲೇ ಪ್ರದ್ಯುಮ್ನನ ತಾಯಿ ಕನಕಲಕ್ಷ್ಮಿ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಕೈಯಲ್ಲಿ ಎಲ್ಲರಿಗೂ ಕಾಫಿ. ಕೆಂಚಯ್ಯನಿಗೆ ಮಾತ್ರ ಕೊಡಲಿಲ್ಲ.

"ಬಡವರ ಮನೆ ಸಿಮೆಂಟ್ ತಿಂದು ಅರಗಿಸಿಕೊಳ್ತೀಯೇನೋ? ನಿನ್ನ ಮನೆ ಅನ್ಕೊಂಡು ಕಟ್ಟು ಅಂದಿದ್ದೆನಲ್ಲೋ ನಿನಗೆ!"

ಕೆಂಚಯ್ಯ ತಲೆ ತಗ್ಗಿಸಿ ನಿಂತ.

"ಅಮ್ಮಾ, ಅವನು ಇರಲಿ," ಎಂದಳು ಪ್ರೇಮ. "ಹೊಳೆನರಸೀಪುರದಲ್ಲಿ ನಿಮ್ಮ ತವರು ಮನೆ ಗೋಡೆ ಹೇಗಿತ್ತು?"

"ಅದನ್ನೇನು ಕೇಳ್ತೀಯ ಪ್ರೇಮಾ! ಮೊಳೆ ಹೊಡೆದ್ರೆ ಮೊಳೆಯೇ ಬಾಗ್ತಿತ್ತು. ಸುಣ್ಣದ ಗಾರೆ ಅಂದ್ರೆ ಅದು. ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ಹಾಕಿ ಅರೆದು ಬಳೀತಿದ್ರು."

"ಇಲ್ಲಿಗೂ ಬೆಲ್ಲ ಹಾಕಿದ್ರಾ?"

"ಹಾಕಿದೆ," ಎಂದರು ಅವರು, ತಡವರಿಸದೆ. "ದಿನಾ ಬೆಳಿಗ್ಗೆ ಈ ಹೊಸಿಲಿಗೆ ರಂಗೋಲಿ ಹಾಕೋಕೆ ಬರ್ತೀನಲ್ಲ, ಮೊನ್ನೆ ಒಂದು ಪಾತ್ರೆ ಬೆಲ್ಲ ಕರಗಿಸಿ ತಂದು ಆ ಡ್ರಮ್ಮಿಗೆ ಸುರಿದೆ. ಹಿಂದಿನ ದಿನ ನನ್ನ ಮಗ ಸಿಮೆಂಟ್ ಕಮ್ಮಿ ಹಾಕು ಅಂತ ಹೇಳಿದ್ದು ಕಿವಿಗೆ ಬಿತ್ತು. ನನ್ನ ಕಣ್ಣಿಗೆ ತಾನೇ ಗೋಡೆ ದುಡ್ಡು ಹೋಗಿದ್ದು? ನನ್ನ ಕೈಲಾದಷ್ಟು ಬಲ ಬರಲಿ ಅಂತ ಹಾಕಿದೆ. ಅದಕ್ಕೂ ನಿಲ್ಲಲಿಲ್ಲ ಅಂದ್ರೆ ಈ ಕೆಂಚಯ್ಯ ಎಷ್ಟು ಕದ್ದಿರಬೇಕು!"

ಎಂಥೆಂಥ ಖದೀಮರ ಬಾಯಿ ಬಿಡಿಸಿದ ನನ್ನ ಹೆಂಡತಿ ಆ ಮುದುಕಿಯ ಮುಂದೆ ಮಾತಿಗೆ ತಡಕಾಡಿದಳು. ಕೊನೆಗೆ ಅವರನ್ನೂ ಕೂರಿಸಿ ಪಕ್ಕದಲ್ಲಿ ಇಟ್ಟಿಗೆಯ ಮೇಲೆ ಕುಳಿತಳು.

"ಅಮ್ಮಾ, ಬೆಲ್ಲ ಸುಣ್ಣದ ಗಾರೆಗೆ. ಸಿಮೆಂಟಿಗೆ ಸಿಹಿ ಬಿದ್ರೆ ಅದು ಹಿಡಿಯೋದೇ ಇಲ್ಲ. ಬೇಕಾದ್ರೆ ಇವರನ್ನ ಕೇಳಿ."

ನಾನು ತಲೆಯಾಡಿಸಿದೆ. ಅದಕ್ಕೆಂದೇ ನನ್ನ ಗೋದಾಮಿನಲ್ಲಿ ಸಕ್ಕರೆ ಮೂಟೆ ಇಳಿಸಲು ನಾನು ಎಂದೂ ಬಿಟ್ಟವನಲ್ಲ. ಆದರೂ ನನಗೆ ಹೊಳೆದಿರಲಿಲ್ಲ.

"ಕಣ್ಣ ಮುಂದೇನೇ ಇತ್ತು," ಎಂದಳು ಪ್ರೇಮ ನಮ್ಮೆಲ್ಲರಿಗೂ ಕೇಳುವಂತೆ. "ಇನ್ನೂ ಒಲೆ ಹಚ್ಚದ ಮನೆ ಇದು. ಗಾರೆ ಕಲಸೋ ನೀರಿನ ಡ್ರಮ್ಮಿಗೆ ಇರುವೆಗಳಿಗೇನು ಕೆಲಸ? ತಳದಲ್ಲಿ ಮುತ್ತಿಕೊಂಡಿವೆ. ನಮ್ಮ ಯಜಮಾನರಿಗೆ ಹತ್ತಿದ್ವು, ಅವರು ಕೊಡವಿಕೊಂಡ್ರು. ಬೋರ್‌ವೆಲ್ ನೀರು ಮೊದಲೇ ಕೆಂಪು, ಬೆಲ್ಲ ಸೇರಿದ್ದು ಕೆಂಚಯ್ಯನಿಗೆ ಕಾಣಲಿಲ್ಲ. ಕೆಲಸದವರು ಬರೋ ಮುಂಚೆ ಇಲ್ಲಿಗೆ ಬರೋರು ಯಾರು? ರಂಗೋಲಿ ಹಾಕೋರು. ಗಾರೆ ಬೀಳಿಸಿದ್ದು ನೀವಮ್ಮಾ. ಗೊತ್ತಿಲ್ಲದೆ."

ನನ್ನ ಸಿಮೆಂಟ್ ಬಚಾವಾಯಿತು ಎಂದು ಮನಸ್ಸು ಹಗುರವಾಯಿತು. ಮರುಗಳಿಗೆಯೇ ನಾಚಿಕೆಯಾಯಿತು. ಎದುರಿಗೆ ಕನಕಲಕ್ಷ್ಮಿಯವರು ಕಪ್ಪು ಕನ್ನಡಕ ತೆಗೆದು ಕೆಂಚಯ್ಯನ ಮುಖ ನೋಡಿದರು.

"ಹಾಗಾದ್ರೆ ಇವನು ಕದ್ದಿಲ್ವಾ?"

"ಒಂದು ಬೊಗಸೆಯನ್ನೂ ಕದ್ದಿಲ್ಲ."

ಅವರು ಎದ್ದು ಕೆಂಚಯ್ಯನಿಗೆ ಕೈ ಮುಗಿದರು. "ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆನಲ್ಲಪ್ಪಾ."

"ಬ್ಯಾಡಿ ಬ್ಯಾಡಿ, ನೀವು ಕೈ ಮುಗೀಬಾರ್ದು," ಕೆಂಚಯ್ಯ ಹಿಂದೆ ಸರಿದ. "ನಿಮ್ಗೆ ಗೊತ್ತಿರ್ನಿಲ್ಲ ಅಮ್ಮಾರೆ. ಸಾರ್‌ಗೆ ಗೊತ್ತಿತ್ತು."

ಪ್ರೇಮ ಪ್ರದ್ಯುಮ್ನನ ಕಡೆ ತಿರುಗಿದಳು.

"ಅವನು ಹೇಳಿದ್ದು ಸರಿ. ಬೆಲ್ಲದ್ದು ಪತ್ತೆ ಮಾಡ್ಬೇಕಾಗಿತ್ತು, ಮಾಡ್ದೆ. ಸಿಮೆಂಟ್ ಕಮ್ಮಿ ಮಾಡಿಸಿದ್ದು ತಾನೇ ಅಂತ ಗೊತ್ತಿದ್ದೂ ಇವನನ್ನ ಕಳ್ಳ ಅಂತ ಊರಿಗೆಲ್ಲ ಸಾರಿದ್ದು ಯಾರು? ಇಲ್ಲಿ ನಡೆದ ಅಪರಾಧ ಅದೊಂದೇ. ಮಾಡಿದ್ದು ನೀವು."

ಇಂಚರ ಗಂಡನ ಮುಖ ನೋಡಿದಳು. ಅವರು ಫೋನ್ ತೆಗೆದರು. ಬರೆದರು, ಅಳಿಸಿದರು, ಮತ್ತೆ ಬರೆದರು.

"ನನ್ನ ಹೆಸರೂ ಹಾಕೋ," ಎಂದರು ತಾಯಿ.

"ಬೇಡಮ್ಮಾ."

ಗ್ರೂಪಿಗೆ ಕಳಿಸಿದ ಮೇಲೆ ಗಟ್ಟಿಯಾಗಿ ಓದಿದರು: "ಕೆಂಚಯ್ಯ ಸಿಮೆಂಟ್ ಕದ್ದಿಲ್ಲ. ಕಡಿಮೆ ಹಾಕಲು ಹೇಳಿದ್ದು ನಾನು. ಅದನ್ನು ಮುಚ್ಚಿಡಲು ಅವರನ್ನು ಕಳ್ಳ ಎಂದೆ."

ಕೆಂಚಯ್ಯ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಅವನಿಗೆ ಓದಲು ಬಾರದು.

"ಇನ್ನೊಂದ್ಸಲ ಓದಿ ಸಾ," ಎಂದ.

ಪ್ರದ್ಯುಮ್ನ ಮತ್ತೆ ಓದಲು ಶುರುಮಾಡಿದರು. ಎರಡನೆಯ ಸಾಲಿಗೆ ಬಂದು ಫೋನ್ ಕೆಳಗಿಳಿಸಿದರು. ಕೆಂಚಯ್ಯ ಕಾದ. ಪೂರ್ತಿ ಓದುವವರೆಗೂ ಕಾದ.