ಡಬ್ಬಿಂಗ್ ವಿಲನ್ನಿನ ಡಬ್ಬಿ

ಆರು ಸೀರಿಯಲ್ಲಿಗೆ ವಿಲನ್ ದನಿ ಕೊಡೋ ಗಂಡಸು, ಮನೇಲಿ ಅಮ್ಮನ ಮುಂದೆ ಕೆಮ್ಮೋಕೂ ಹೆದರ್ತಿದ್ದ. ಸ್ಟುಡಿಯೋದ ಗಾಜಿನ ಗೂಡಲ್ಲಿ ನಿಂತು "ನಿನ್ನನ್ನ ನಿರ್ವಂಶ ಮಾಡಿಬಿಡ್ತೀನಿ" ಅಂತ ಗುಡುಗೋದು ಅವನ ಹೊಟ್ಟೆಪಾಡು. ಡಾಕ್ಟ್ರು ಅವನ ರಿಪೋರ್ಟ್ ಓದಿ "ವೀರ್ಯದಲ್ಲಿ ವೀರ್ಯಾಣು ಒಂದೂ ಇಲ್ಲ" ಅಂದ ದಿನ, ಇಷ್ಟು ವರ್ಷ ಬಿಟ್ಟ ಡೈಲಾಗ್ ಯಾರಿಗೆ ತಗುಲ್ತಿತ್ತು ಅಂತ ಗೊತ್ತಾಯ್ತು.

ಒಳಗೆ ತಯಾರಾಗ್ತಿದೆ, ಹೊರಗೆ ಬರೋ ನಾಳ ಕಟ್ಕೊಂಡಿದೆ ಅಷ್ಟೆ, ಅಂದ್ರು ಡಾಕ್ಟ್ರು. ಮಾಲು ರೆಡಿ, ರಸ್ತೆ ಬಂದ್. ಆಪರೇಷನ್ ಮಾಡಿ ರಸ್ತೆ ಬಿಡಿಸಿದ್ರು. ಅಮ್ಮನಿಗೆ ಹರ್ನಿಯಾ ಅಂತ ಹೇಳಿದ್ದಾಯ್ತು. ಅಮ್ಮ ಹಾಸಿಗೆ ಪಕ್ಕ ಕೂತು, ಸೊಸೆ ಕಡೆ ಗದ್ದ ತೋರಿಸಿ, "ಕತ್ತರಿ ಹಾಕಿಸಬೇಕಾಗಿದ್ದು ನಿನಗಲ್ಲ ಕಣೋ, ಇವಳಿಗೆ. ಮದುವೆಯಾಗಿ ಇಷ್ಟು ವರ್ಷವಾಯ್ತು, ಹೊಟ್ಟೆ ನೋಡು, ಹಾಸಿದ ಚಾಪೆ" ಅಂದ್ಳು. ಹೆಂಡ್ತಿ ತುಟಿ ಬಿಚ್ಚಲಿಲ್ಲ. ಇವನೂ ಬಿಚ್ಚಲಿಲ್ಲ. ಹರ್ನಿಯಾದೋರು ಜಾಸ್ತಿ ಮಾತಾಡಬಾರ್ದು, ಹೊಲಿಗೆ ಬಿಟ್ಕೊಳ್ಳುತ್ತೆ.

ಆಪರೇಷನ್ ಫಲ ಕೊಟ್ಟಿದ್ಯಾ ಅಂತ ನೋಡೋ ಪರೀಕ್ಷೆ ದಿನ ಬೆಳಿಗ್ಗೆ ಹೆಂಡ್ತಿ ತಲೆ ಬಾಚ್ಕೊಳ್ತಾ ಹೇಳಿದ್ಳು. "ರೀ, ಈ ಸಲ ಏನೇ ಬರ್ಲಿ, ರಿಪೋರ್ಟನ್ನ ಅತ್ತೆಗೆ ನಾನೇ ಓದಿ ಹೇಳ್ತೀನಿ. ನಿಮ್ಮ ಮೇಲೆ ಕೋಪ ಇಲ್ಲ. ಬೈಸ್ಕೊಂಡು ಸಾಕಾಗಿದೆ, ಅಷ್ಟೆ."

ಅಮ್ಮನ ಮುಂದೆ ಸೊನ್ನೆ ಅಂತ ಓದಿಸ್ಕೊಳ್ಳೋದಾ? ಅವತ್ತೇ ಅವನೊಳಗಿನ ವಿಲನ್ ಎದ್ದ.

ಆಪರೇಷನ್ ಕೆಲಸ ಮಾಡಿರಬಹುದಲ್ವಾ ಅಂತ ಒಂದು ಕ್ಷಣ ಅನ್ನಿಸ್ತು. ಆದ್ರೆ ಶಾಲೇಲಿ ಲೆಕ್ಕದಲ್ಲೂ ಸೊನ್ನೆ ತಗೊಂಡೋನಿಗೆ ಅಷ್ಟು ನಂಬಿಕೆ ಎಲ್ಲಿಂದ ಬರ್ಬೇಕು. ಒಳ್ಳೆ ರಿಪೋರ್ಟ್ ಬಂದ್ರೆ ತಪ್ಪು ಪೂರ್ತಿ ಹೆಂಡ್ತಿ ತಲೆಗೆ ಬೀಳುತ್ತಲ್ಲ, ಅನ್ನೋದೂ ಹೊಳೀತು. ಅದನ್ನ ಸೆಕೆಂಡ್ ಹಾಫಿಗೆ ಇಟ್ಕೊಂಡ.

ಹಿಂದಿನ ಪರೀಕ್ಷೇನೂ ಅಲ್ಲೇ ಆಗಿದ್ರಿಂದ ಆ ಲ್ಯಾಬ್ ಅವನಿಗೆ ಅಂಗೈ ನೆಲ್ಲಿಕಾಯಿ. ಮೂಲೆ ಕೋಣೇಲಿ ಕೆಲಸ ಮುಗಿಸಿ, ಡಬ್ಬಿ ತಂದು ಕಿಟಕಿ ಮುಂದಿನ ಟ್ರೇಯಲ್ಲಿಟ್ಟು ಬೆಲ್ ಒತ್ತಬೇಕು. ಲ್ಯಾಬಿನಾಕೆ ಒಳಗೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸ್ಕೊಂಡು "ಬಂದೆ" ಅಂತಾಳೆ, ಬರಲ್ಲ. ಹೆಸರಿನ ಚೀಟಿ ಡಬ್ಬಿ ಮೇಲಲ್ಲ, ಮುಚ್ಚಳದ ಮೇಲೆ. ಇಷ್ಟು ದೊಡ್ಡ ವಿಜ್ಞಾನ ಒಂದು ಮುಚ್ಚಳದ ಮೇಲೆ ನಿಂತಿತ್ತು. ಬೇರೆಯವರ ಮುಖಕ್ಕೆ ತನ್ನ ದನಿ ಕೊಟ್ಟು ಬದುಕೋನು, ಬೇರೆಯವರ ಡಬ್ಬಿಗೆ ತನ್ನ ಹೆಸರು ಕೊಡೋದೇನು ಮಹಾ. ಇದೂ ಡಬ್ಬಿಂಗೇ.

ಯಾರ ಡಬ್ಬಿ ಅನ್ನೋದೇ ಪ್ರಶ್ನೆ. ಬೆಂಚಿನ ಮೇಲೆ ಒಬ್ಬ ಉಗುರು ಕಚ್ತಿದ್ದ. ಬೇಡ. ಇನ್ನೊಬ್ಬ ಗೋಡೆ ಮೇಲಿನ ಮಗುವಿನ ಫೋಟೋ ನೋಡಿ ನಿಟ್ಟುಸಿರು ಬಿಡ್ತಿದ್ದ. ಅವನಂತೂ ಬೇಡ್ವೇ ಬೇಡ. ಮೂರನೆಯವನು ಕಾಲು ಚಾಚಿ ರಾಜನ ಥರ ಕೂತಿದ್ದ. ಹೆಗಲ ಮೇಲೆ ನಿದ್ದೆ ಹೊಡೀತಿರೋ ಒಂದು ಕೂಸು, ಅಂಗಿ ಜೇಬಿಗೆ ಜೋತುಬಿದ್ದ ಇನ್ನೊಂದು. ಇಡೀ ಲ್ಯಾಬಲ್ಲಿ ಪ್ರೂಫ್ ಹೊತ್ಕೊಂಡು ಬಂದೋನು ಅವನೊಬ್ಬನೇ. ಮಕ್ಕಳನ್ನ ಪಕ್ಕದಲ್ಲಿದ್ದ ತನ್ನ ಹೆಂಡ್ತಿ ಕೈಗೆ ಕೊಟ್ಟು ಹೋದ, ಸಿಳ್ಳೆ ಹಾಕ್ತಾ ವಾಪಸ್ ಬಂದ, ಡಬ್ಬಿ ಇಟ್ಟ, ಬೆಲ್ ಒತ್ತಿ ಹೋಗಿ ಕೂತ.

"ಬಂದೆ" ಅಂತು ಒಳಗಿನ ದನಿ.

ಇವನು ಆಗ್ಲೇ ತುಂಬಿಸಿ ಇಟ್ಕೊಂಡಿದ್ದ ತನ್ನ ಡಬ್ಬಿ ಪಕ್ಕದಲ್ಲಿಟ್ಟ. ಎರಡು ಮುಚ್ಚಳ ತಿರುಗಿಸಿದ, ಅದಲು ಬದಲು ಮಾಡಿದ, ಬಿಗಿ ಮಾಡಿದ. ಕರ್ಚೀಫಲ್ಲಿ ಬೆರಳಚ್ಚು ಬೇರೆ ಒರೆಸಿದ. ಆ ಡಬ್ಬೀಲಿ ಯಾರೂ ಬೆರಳಚ್ಚು ಹುಡುಕಲ್ಲ ಅಂತ ಆಮೇಲೆ ಹೊಳೀತು. ಪಾಪ, ಅವನಿಗೆ ಸೊನ್ನೆ ಬರುತ್ತೆ. ಬರ್ಲಿ ಬಿಡು, ಅವನಿಗೆ ಆಗ್ಲೇ ಎರಡಿವೆ.

ಸಂಜೆ ಹೆಂಡ್ತಿ ಜೊತೆ ಲ್ಯಾಬಿಗೆ ಬಂದು ರಿಪೋರ್ಟ್ ಈಸ್ಕೊಂಡ; ಬೆಂಚಿನ ಮೇಲೆ ಆ ರಾಜನ ಸಂಸಾರವೂ ಇತ್ತು. ಹೆಂಡ್ತೀನೇ ಬಿಡಿಸಿ ಓದಿದ್ಳು. ಸೊನ್ನೆ.

"ಹೋಗ್ಲಿ ಬಿಡಿ," ಅಂದು ಅವನ ಕೈ ಹಿಡ್ಕೊಂಡ್ಳು. "ನಡೀರಿ, ಅತ್ತೆ ಕಾಯ್ತಿರ್ತಾರೆ."

ಅವನು ಬೆಂಚಿನ ಕಡೆ ತಿರುಗಿದ. ರಾಜನಿಗೂ ಸೊನ್ನೇನಾ? ಹಾಗಾದ್ರೆ ಆ ಎರಡು ಕೂಸು? ತನ್ನ ಸಂಕಟ ಮರೆತು ಅವನ ಮೇಲೆ ಕರುಳು ಚುರ್ ಅಂತು. ಕದ್ದು ಕೂಸಿನ ಮುಖ ನೋಡಿದ. ಮೂಗು ಅಪ್ಪಂದೇ. ಕಿವಿ ಅಪ್ಪಂದೇ. ಹುಬ್ಬು ಕೂಡ ಅಪ್ಪಂದೇ.

ಅಷ್ಟರಲ್ಲಿ ಆ ಅಪ್ಪ ತನ್ನ ರಿಪೋರ್ಟ್ ಹಿಡ್ಕೊಂಡು ಎದ್ದು ಕಿಟಕಿ ಹತ್ರ ಹೋದ. ಎಲ್ರಿಗೂ ಕೇಳೋ ಹಾಗೆ ಶುರು ಮಾಡಿದ. "ಮೇಡಂ, ಸೊನ್ನೆ ಬಂದ್ರೆ ಪಾಸು ಅಂತ ನೀವೇ ಹೇಳಿದ್ದಲ್ವಾ? ಎರಡೇ ಸಾಕು ಅಂತ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸ್ಕೊಂಡು ಮೂರು ತಿಂಗಳಾಯ್ತು. ಇದ್ರಲ್ಲಿ ನೋಡಿದ್ರೆ ಲಕ್ಷಗಟ್ಟಲೆ ಓಡಾಡ್ತಿವೆ ಅಂತ ಬರ್ದಿದೀರಾ. ಹಾಗಾದ್ರೆ ಇವೆಲ್ಲ ಯಾರ್ದು ಮೇಡಂ?"