ಕರಿ ಬಂಡಿ ಇಳಿಸಿಹೋದ ಹುಡುಗ

ಕರಿ ಬಂಡಿ ಮಾರೆಡ್ ಮನೆಯ ಮುಂದೆಯೇ ನಿಂತಿತು!

ಕಲ್ಲಿದ್ದಲ ಗಣಿ ಕುಸಿದ ದಿನ ಪೆನ್ಸಿಲ್ವೇನಿಯಾದ ಆ ಊರಿನ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಹೆಣ ತರುವ ಬಂಡಿ ಅದು.

"ಧೈರ್ಯ ತಂದ್ಕೊಳ್ಳಮ್ಮ... ನಿಮ್ಮಪ್ಪ," ಎಂದ ಬಂಡಿಯವನು. "ಪಕ್ಕದಲ್ಲೇ ಅವರ ಊಟದ ಡಬ್ಬಿ ಬಿದ್ದಿತ್ತು, ಮೇಲೆ ಐವರ್ ಅಂತ ಅವರ ಹೆಸರೇ ಇತ್ತು."

ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿ ಹೋದರು. ಮಾರೆಡ್‌ಗೆ ಅಳುವೂ ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಮಸಿ ಮೆತ್ತಿದ ಮುಖ ಒರೆಸತೊಡಗಿದಳು. ಹಣೆ... ಹುಬ್ಬು... ಮೂಗು...

ಕೈ ಅಲ್ಲೇ ನಿಂತಿತು.

ಇದು ಅಪ್ಪನ ಮೂಗಲ್ಲ!

ಅಷ್ಟರಲ್ಲಿ ಹೆಣ ಕಣ್ಣು ಬಿಟ್ಟಿತು. "ನೀರು..."

ಅವಳು ಕಿರುಚಿದ್ದಕ್ಕೆ ಬೀದಿಗೆ ಬೀದಿಯೇ ಸೇರಿತು. ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದವನು... ಅಪ್ಪ! ಜೀವಂತ! ಡಬ್ಬಿ ಅಲ್ಲೇ ಬಿಟ್ಟು ಓಡಿ ಪಾರಾಗಿದ್ದ.

ಮಾರೆಡ್ ಅವನ ಕೊರಳಿಗೆ ಜೋತುಬಿದ್ದಳು. ಐವರ್ ಮಾತ್ರ ಮೇಜು ನೋಡಿ ದಂಗಾಗಿದ್ದ.

"ಇವನು ಐರ್ಲೆಂಡ್‌ನವನಲ್ವೇನೇ! ನನ್ನ ಮನೇಲಾ?"

ಐವರ್‌ನಂಥ ವೇಲ್ಸ್‌ನವರೂ ಐರ್ಲೆಂಡ್‌ನವರೂ ಒಂದೇ ಗಣಿಗೆ ಇಳಿದರೂ ಮುಖ ಕೊಟ್ಟು ಮಾತಾಡದ ಕಾಲ ಅದು.

"ಕಾಲು ಮುರಿದಿದೆ ಅಪ್ಪಾ. ಬೀದಿಗೆ ಎಸೀಲಾ?"

ಐವರ್ ಗೊಣಗುತ್ತಾ ಹೊರಗೆ ಹೋದ. ಮೇಜಿನ ಮೇಲಿದ್ದ ಹುಡುಗ, ಡರ್ಮಟ್, ಉಳಿದ.

ದಿನಗಳೆದಂತೆ ಅವನ ಕಣ್ಣಿಗೆ ಜೀವ ಬಂತು, ನಾಲಿಗೆಗೂ ಬಂತು.

"ನೀನು ಮಾಡೋ ಬ್ರೆಡ್ ತಿಂದ್ರೆ ಸತ್ತವನೂ ಎದ್ದು ಕೂರ್ತಾನೆ!"

"ನೀನು ಎದ್ದಿದ್ದು ಬ್ರೆಡ್ಡಿಗಲ್ಲ, ನನ್ನ ಕಿರುಚಾಟಕ್ಕೆ."

ನಕ್ಕು ನಕ್ಕು ಅವಳಿಗೆ ಗೊತ್ತಾಗುವಷ್ಟರಲ್ಲಿ ಮನಸ್ಸು ಕೈ ತಪ್ಪಿತ್ತು. ಆದರೆ ಒಂದು ಸಂಜೆ, ಜ್ವರ ಏರಿದಾಗ, ಅವನು ಕನವರಿಸಿದ...

"ಊನಾ... ನನ್ನ ಕ್ಷಮಿಸು, ಊನಾ..."

ಮಾರೆಡ್ ಎದೆಗೆ ಯಾರೋ ಒದ್ದಂತಾಯಿತು. ಹೆಂಡತಿಯಾ? ಮರುದಿನದಿಂದ ಸೂಪ್ ತಟ್ಟೆ ಸದ್ದು ಮಾಡುತ್ತಾ ಮುಂದೆ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ. ಒಂದು ದಿನ ಅವಳು ನೀರು ಹೊತ್ತು ಬರುವಷ್ಟರಲ್ಲಿ ಹಾಸಿಗೆ ಖಾಲಿ!

ವಸಂತ ಆಗಷ್ಟೇ ಕಾಲಿಟ್ಟಾಗ ಸಂತೆಯಲ್ಲಿ ಅವನು ಕಂಡ. ಪಕ್ಕದಲ್ಲೊಬ್ಬ ಹೆಂಗಸು, ತೋಳಲ್ಲಿ ಕೂಸು. ಮಾರೆಡ್ ತಿರುಗಿ ಓಡಿದಳು.

"ಏ, ನಿಲ್ಲಮ್ಮ!" ಆ ಹೆಂಗಸೇ ಏದುಸಿರು ಬಿಡುತ್ತಾ ಅಟ್ಟಿಸಿಕೊಂಡು ಬಂದಳು. "ಮಾರೆಡ್ ಅಲ್ವಾ ನೀನು? ನಾನು ಊನಾ, ಅವನ ಅತ್ತಿಗೆ. ಅವತ್ತು ನನ್ನ ಗಂಡ... ಇವನನ್ನ ಆಚೆ ತಳ್ಳಿ ತಾನು ಕಲ್ಲಿನಡಿ ಉಳ್ಕೊಂಡ. ನಾನು ಇವನನ್ನ ಕ್ಷಮಿಸಲ್ಲ ಅಂದ್ಕೊಂಡಿದ್ದ, ಹುಚ್ಚ!"

ಮಾರೆಡ್ ಹಣೆ ಚಚ್ಚಿಕೊಂಡಳು. ದೇವರೇ... ನಾನೆಂಥವಳು!

ಊರುಗೋಲು ಊರುತ್ತಾ ಡರ್ಮಟ್ ಹತ್ತಿರ ಬಂದ. ಊನಾ ಕೂಸನ್ನು ಹೆಗಲಿಗೇರಿಸಿಕೊಂಡು ದೂರ ಸರಿದಳು.

"ಹೇಳ್ದೇ ಯಾಕೆ ಹೋದೆ?" ಮಾರೆಡ್ ಕೇಳಿದಳು.

"ನೀನು ಮಾತೇ ನಿಲ್ಲಿಸಿದ್ದೆ. ನಾನು ಭಾರವಾದೆ ಅಂದ್ಕೊಂಡೆ. ಆದರೂ ತಡೆಯೋಕಾಗ್ಲಿಲ್ಲ... ನಿನ್ನೆ ನೀನು ಚರ್ಚ್‌ಗೆ ಹೋಗಿದ್ದಾಗ ನಿಮ್ಮಪ್ಪನ ಹತ್ರ ಹೆಣ್ಣು ಕೇಳೋಕೆ ಹೋಗಿದ್ದೆ."

"ಏನು! ಅಪ್ಪ ಏನಂದ್ರು?"

"ಮುಖದ ಮೇಲೆ ಬಾಗಿಲು ಹಾಕಿದ್ರು."

"ಆಮೇಲೆ?"

"ಆಮೇಲೆ ತೆಗೆದು, ಚಳಿ ಇದೆ, ಒಳಗೆ ಬಾ ಅಂದ್ರು."

ಮಾರೆಡ್ ಕಣ್ಣೊರೆಸಿಕೊಂಡಳು.

"ನನ್ನ ಕೇಳೋಕೆ ಮುಂಚೆ ಅಪ್ಪನ್ನ ಕೇಳಿದ್ಯಾ?"

"ನಿನ್ನ ಕೇಳೋಕೇ ಹೆಚ್ಚು ಭಯ ಇತ್ತು, ಮಾರೆಡ್."

ಅವಳು ಅವನ ತೋಳು ಹಿಡಿದಳು, ಇಡೀ ಸಂತೆ ನೋಡುತ್ತಿದ್ದರೂ.

"ಈಗ ಕೇಳು..."