ಬರೀ ಕುಂಡ್ರೂ ಕೆಲಸ

ಇಂಟರ್ವ್ಯೂ ಗೆಲ್ಲುವುದು ಹೇಗೆಂದು ಹೈದರಾಬಾದಿನ ಅರ್ಧ ಊರಿಗೆ ಕಲಿಸಿದ ಅಂಬಾದಾಸ ತಾನು ಮಾತ್ರ ಒಂದು ಇಂಟರ್ವ್ಯೂನಲ್ಲೂ ಗೆದ್ದವನಲ್ಲ. ಅದರ ನೋವು ಅವನಿಗೆ ಹಳೆಯದಾಗಿತ್ತು. ಹೊಟ್ಟೆ ಉರಿಸುತ್ತಿದ್ದದ್ದು ಹಿಮಾಯತ್‌ನಗರದ ತಿರುವಿನಲ್ಲಿ ಕಟ್ಟಿದ್ದ ಫ್ಲೆಕ್ಸು. ಅದರಲ್ಲಿ ಕೋಚಿಂಗ್ ಸೆಂಟರಿನ ಮಾಲೀಕ ತಿಪ್ಪೇಸ್ವಾಮಿ ಕೋಟು ತೊಟ್ಟು ನಿಂತಿದ್ದ. ಅವನ ಸುತ್ತ ಕೆಲಸ ಸಿಕ್ಕ ಹುಡುಗ ಹುಡುಗಿಯರು ಹೆಬ್ಬೆರಳು ಎತ್ತಿ ನಗುತ್ತಿದ್ದರು. ಕೈ ಕುಲುಕುವುದರಿಂದ ಹಿಡಿದು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುವವರೆಗೆ ಅವರನ್ನೆಲ್ಲ ತಿದ್ದಿ ತೀಡಿದವನು ಅಂಬಾದಾಸ. ಫ್ಲೆಕ್ಸಿನಲ್ಲಿ ಅವನ ಮೊಣಕೈ ಮಾತ್ರ ಇತ್ತು. ಉಳಿದ ಅಂಬಾದಾಸನನ್ನು ಅಂಚಿನಲ್ಲಿ ಕತ್ತರಿಸಿ ಎಸೆದಿದ್ದರು.

ಸಂಬಳ ಹೆಚ್ಚಿಸಿ ಎಂದು ಕೇಳಿದಾಗ ತಿಪ್ಪೇಸ್ವಾಮಿ ತಲೆಯನ್ನೂ ಎತ್ತದೆ ಹೇಳಿದ್ದ: "ನಿಮ್ಮಂಥೋರು ಬೇಕಾದಷ್ಟು ಜನ ಸಿಗ್ತಾರೆ ಕಣ್ರೀ."

ತನ್ನದೇ ಒಂದು ಸೆಂಟರ್ ತೆರೆಯಬೇಕು, ಫ್ಲೆಕ್ಸಿನಲ್ಲಿ ತಾನು ಪೂರ್ತಿ ನಿಲ್ಲಬೇಕು ಎಂದು ಅಂಬಾದಾಸ ಅವತ್ತೇ ನಿರ್ಧರಿಸಿದ. ಅದಕ್ಕೆ ಬೇಕಾದ ದುಡ್ಡಿಗೆ ದಾರಿಯೂ ತಾನಾಗಿ ಹೊಳೆಯಿತು. ಡಿಗ್ರಿ ಮುಗಿಸಿದವರಿಗೆ ಬೇಕಾದದ್ದು ಕೆಲಸ. ಕೆಲಸ ಕೊಡಲು ಬೇಕಾದದ್ದು ಕಂಪನಿ. ಕಂಪನಿ ಎಂದರೇನು? ಒಂದಷ್ಟು ಮೇಜು, ಒಂದಷ್ಟು ಕಂಪ್ಯೂಟರ್, ಕೊರಳಲ್ಲಿ ಬಿಲ್ಲೆ ನೇತುಹಾಕಿಕೊಂಡು ಯಾರ ಮುಖವನ್ನೂ ನೋಡದೆ ಕೂತಿರುವ ಜನ. ಎಷ್ಟೋ ಕಂಪನಿಗಳ ಹೊರಬೆಂಚಿನ ಮೇಲೆ ಕಾದು ಕೂತಿದ್ದ ಅಂಬಾದಾಸನಿಗೆ ಒಳಗಿನ ನೋಟ ಬಾಯಿಪಾಠವಾಗಿತ್ತು.

ಕಂಪನಿಗೆ ನೂತನಧಾರಾ ಇನ್ಫೋ ಎಂದು ಹೆಸರಿಟ್ಟ. ಫೋನಿನಲ್ಲೇ ಬರೆಯುವ ಒಂದು ಪರೀಕ್ಷೆಯನ್ನು ತಾನೇ ತಯಾರಿಸಿ, ತಾನೇ ತಿದ್ದಿ, ತನ್ನ ವಿದ್ಯಾರ್ಥಿಗಳಲ್ಲಿ ತನಗೆ ಬೇಕಾದವರನ್ನೇ ಪಾಸು ಮಾಡಿದ. ಇಲ್ಲಿ ಅವನು ಬಹಳ ಎಚ್ಚರಿಕೆ ವಹಿಸಿದ. ಸ್ಥಿತಿವಂತರ ಮಕ್ಕಳು ಬೇಡ. ಅವರ ಚಿಕ್ಕಪ್ಪನೋ ಮಾವನೋ ಯಾವುದಾದರೂ ಕಂಪನಿಯಲ್ಲಿ ಇದ್ದೇ ಇರುತ್ತಾನೆ, ಒಂದು ಫೋನ್ ಮಾಡಿದರೆ ಬಣ್ಣ ಬಯಲು. ಮನೆಯಲ್ಲಿ ಯಾರೂ ಆಫೀಸಿನ ಮೆಟ್ಟಿಲು ಹತ್ತದವರು, ವಿಚಾರಿಸೋಣವೆಂದರೆ ಗುರುತಿನವರೇ ಇಲ್ಲದವರು ಬೇಕು. ಆಫೀಸಿನ ಉರುಳುವ ಕುರ್ಚಿಯ ಮೇಲೆ ಕೂರುವ ಮೊದಲು, ಎಲ್ಲಿ ಜಾರಿಹೋಗುತ್ತದೋ ಎಂದು ಒಂದು ಸಲ ಹಿಂದೆ ತಿರುಗಿ ನೋಡಿಕೊಳ್ಳುವವರನ್ನು ಅವನು ಗುರುತು ಮಾಡಿಟ್ಟುಕೊಂಡ. ಕೆಲಸದ ಆರ್ಡರ್ ಕೈಗೆ ಬರುವ ದಿನ ಡಿಪಾಸಿಟ್ ಕಟ್ಟಬೇಕೆಂದು ಅವರಿಗೆಲ್ಲ ಕಂಪನಿಯ ಹೆಸರಲ್ಲಿ ಸಂದೇಶ ಹೋಯಿತು. ಎಲ್ಲಿ ಕೆಲಸ, ಯಾವ ಕಂಪನಿ ಎಂದು ಅಲ್ಲಿಯವರೆಗೆ ಮನೆಯವರಿಗೂ ಹೇಳಬಾರದು, ದೃಷ್ಟಿ ತಾಕುತ್ತದೆ ಎಂದು ಹಿತೈಷಿಯ ದನಿಯಲ್ಲಿ ಅಂಬಾದಾಸನೇ ಕಿವಿಮಾತು ಹೇಳಿದ.

ಆ ಗುಂಪಿನಲ್ಲಿ ಕಾವ್ಯಾ ಇದ್ದಳು. ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುವ ಹುಡುಗಿ. ಪಾಸಾದ ಸುದ್ದಿ ಕೇಳಿ ಅವನ ಕಾಲು ಮುಟ್ಟಿದಾಗ ಅಂಬಾದಾಸನಿಗೆ ಕಸಿವಿಸಿಯಾಯಿತು. ಇಷ್ಟು ಜಾಣೆಗೆ ಹೇಗೂ ಬೇರೆ ಕಡೆ ಕೆಲಸ ಸಿಗುತ್ತದೆ ಎಂದು ಸಮಾಧಾನ ಮಾಡಿಕೊಂಡ. ತನ್ನ ಪಾಠದ ಮೇಲೆ ಅವನಿಗೆ ಅಷ್ಟು ನಂಬಿಕೆ.

ಈ ಯೋಜನೆಯ ಸೊಗಸು ಇದ್ದದ್ದು ಕೊನೆಯಲ್ಲಿ. ಕಂಪನಿ ಮಾಯವಾದ ಮರುದಿನ ಮೊದಲು ಪೊಲೀಸ್ ಠಾಣೆಗೆ ಓಡುವವನು ಅಂಬಾದಾಸನೇ. "ನನ್ನ ಮಕ್ಕಳಂಥ ವಿದ್ಯಾರ್ಥಿಗಳ ಜೊತೆ ನನಗೂ ಟೋಪಿ ಹಾಕಿದರು ಸಾರ್." ಕನ್ನಡಿಯ ಮುಂದೆ ನಿಂತು ಆ ಮುಖವನ್ನು ಅವನು ಅಭ್ಯಾಸ ಮಾಡಿದ್ದ. ಕಣ್ಣೀರು ಬರಲಿಲ್ಲ, ಆದರೆ ತುಟಿ ಚೆನ್ನಾಗಿ ನಡುಗುತ್ತಿತ್ತು.

ಬೇಗಂಪೇಟೆಯಲ್ಲಿ ಯಾರೋ ಖಾಲಿ ಮಾಡಿಹೋದ ಆಫೀಸೊಂದು, ಮೇಜು ಕಂಪ್ಯೂಟರುಗಳ ಸಮೇತ, ಸುಳ್ಳು ಹೆಸರಿಗೆ ಒಂದು ದಿನದ ಬಾಡಿಗೆಗೆ ಸಿಕ್ಕಿತು. ಬಿಲ್ಲೆ ನೇತುಹಾಕುವ ಕೊರಳ ಪಟ್ಟಿಗಳು ಬೇಗಂ ಬಜಾರಿನಲ್ಲಿ ಸಗಟಾಗಿ ಸಿಕ್ಕವು. ಉಳಿದದ್ದು ಜನ. ಗೆಳೆಯರನ್ನು ಕರೆತಂದರೆ ಬಾಯಿ ಬಿಡುತ್ತಾರೆ. ನಾಟಕದವರನ್ನು ಕರೆತಂದರೆ ನಟಿಸತೊಡಗುತ್ತಾರೆ. ಅಂಬಾದಾಸ ಬೆಳಿಗ್ಗೆ ಕೂಲಿಯವರು ನಿಲ್ಲುವ ಅಡ್ಡಾಕ್ಕೆ ಹೋದ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಇವತ್ತು ಇಲ್ಲಿ, ನಾಳೆ ಊರಿನ ಇನ್ನೊಂದು ತುದಿಯಲ್ಲಿ. ಡಿಗ್ರಿ ಹುಡುಗರಿಗೂ ಇವರಿಗೂ ಎಲ್ಲಿಯ ಸಂಬಂಧ? ಅವನೂ ಬೀದರ ಕಡೆಯವನಾದ್ದರಿಂದ ಮಾತು ಸಲೀಸಾಯಿತು. ಅವರಲ್ಲಿ ಹಿರಿಯನಾದ ಮೇಸ್ತ್ರಿಯನ್ನು ಎಲ್ಲರೂ ಅಮರಯ್ಯ ಎಂದು ಕರೆಯುತ್ತಿದ್ದರು.

"ಕೆಲಸ ಏನ್ರಿ ಸರ?" ಅಮರಯ್ಯ ಕೇಳಿದ.

"ಕುಂಡ್ರೂದು."

"ಕುಂತು ಏನ್ ಮಾಡ್ಬೇಕ್ರಿ?"

"ಬರೀ ಕುಂಡ್ರೂದು. ನಮ್ಮ ಕಂಪನಿ ಮಂದಿ ಬರೂದು ತಡ ಐತಿ. ನಾಳಿ ಹೊಸ ಹುಡುಗರು ಬರ್ತಾರ, ಖಾಲಿ ಕುರ್ಚಿ ಕಾಣಬಾರದು. ಪೂರಾ ದಿನದ ಕೂಲಿ ಕೊಡ್ತೀನಿ. ಯಾರ ಮುಂದೂ ಹೇಳಬ್ಯಾಡ್ರಿ."

ಅಮರಯ್ಯ ಪಕ್ಕದವನ ಮುಖ ನೋಡಿದ. "ಬರೀ ಕುಂತರ ಪಗಾರ ಕೊಡ್ತಾರೇನ್ರಿ?"

"ಕಂಪನ್ಯಾಗ ಭಾಳ ಮಂದಿಗೆ ಅದಕ್ಕೇ ಕೊಡ್ತಾರ," ಎಂದ ಅಂಬಾದಾಸ. ಅವತ್ತು ಅವನ ಬಾಯಿಂದ ಬಂದ ನಿಜ ಅದೊಂದೇ.

ಮರುದಿನ ಬಾಡಿಗೆಯ ಅಂಗಿ ತೊಡಿಸಿ, ಮೀಸೆ ಬಾಚಿಸಿ ಅವರನ್ನು ಸಾಲಾಗಿ ಕೂರಿಸಿದ. ತಂಬಾಕು ಹಾಕಬಾರದು. ಕಸದ ಬುಟ್ಟಿಯಲ್ಲಿ ಉಗುಳಬಾರದು. ಯಾರಾದರೂ ನೋಡಿದರೆ ಪರದೆ ನೋಡಿ ತಲೆ ಅಲ್ಲಾಡಿಸಬೇಕು, ಏನೋ ದೊಡ್ಡ ತೊಂದರೆ ಕಂಡವರಂತೆ. ಅವರು ಕಾಲೇಜಿನ ಹುಡುಗರಿಗಿಂತ ಬೇಗ ಕಲಿತರು. ಅಮರಯ್ಯನಂತೂ ಟೈ ಕಟ್ಟಿಸಿಕೊಂಡು ಗಾಜಿನ ಕೋಣೆಯಲ್ಲಿ ಕೂತಾಗ ಅಂಬಾದಾಸನಿಗೇ ಎದ್ದು ನಮಸ್ಕರಿಸಬೇಕೆನಿಸಿತು. ಬಿಳಿ ಕೂದಲು, ಗೋಡೆ ಓರೆಯಾಗಿದೆಯೇ ಎಂದು ನೋಡಿ ನೋಡಿ ಗಂಭೀರವಾದ ಕಣ್ಣು. ಉಪಾಧ್ಯಕ್ಷ ಎಂದರೆ ಹೀಗಿರಬೇಕು. ಬಂದವರಿಗೆ ಎದ್ದು ಕೈ ಕೊಡುವುದು, ಅವರ ಡಿಪಾಸಿಟ್ಟಿನ ಲಕೋಟೆ ತೆಗೆದುಕೊಂಡು ಡ್ರಾಯರಿಗೆ ಹಾಕುವುದು, ಕೆಲಸದ ಆರ್ಡರಿನ ಲಕೋಟೆ ಕೊಡುವುದು. ಮಾತೇ ಇಲ್ಲ.

ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಹುಡುಗರು ಒಬ್ಬೊಬ್ಬರಾಗಿ ಒಳಗೆ ಹೋದರು, ಬೆಳಗಿದ ಮುಖ ಹೊತ್ತು ಹೊರಬಂದರು, ಬಾಗಿಲ ಬಳಿ ನಿಂತಿದ್ದ ಅಂಬಾದಾಸನಿಗೆ ಕೈ ಮುಗಿದರು. ಡ್ರಾಯರು ತುಂಬುತ್ತಿತ್ತು. ಅಂಬಾದಾಸ ಮನಸ್ಸಿನಲ್ಲೇ ತನ್ನ ಫ್ಲೆಕ್ಸಿಗೆ ಕೋಟಿನ ಬಣ್ಣ ಆರಿಸತೊಡಗಿದ. ಕೊನೆಗೆ ಕಾವ್ಯಾ ಬಂದಳು. ಅವಳಿಗೆ ಅವನೇ ಬಾಗಿಲು ತೆರೆದುಕೊಟ್ಟ.

ಅಮರಯ್ಯ ಹೇಳಿಕೊಟ್ಟಂತೆ ಎದ್ದ, ಹೇಳಿಕೊಟ್ಟಂತೆ ಕೈ ಚಾಚಿದ. ಚಾಚಿದ ಕೈ ಅಲ್ಲೇ ನಿಂತಿತು.

"ಅಪ್ಪಾ," ಎಂದಳು ಕಾವ್ಯಾ. "ನೀ ಇಲ್ಲೇನ್ ಮಾಡಾಕತ್ತೀ?"

"ಕೂಲಿಗೆ ಬಂದೀನವ್ವ. ಬರೀ ಕುಂಡ್ರೂ ಕೆಲಸ ಅಂದ್ರು." ಅಮರಯ್ಯ ಅವಳ ಕೈಯಲ್ಲಿದ್ದ ಲಕೋಟೆಯನ್ನು ನೋಡಿದ, ತೆರೆದ ಡ್ರಾಯರನ್ನು ನೋಡಿದ. "ಅವ್ವನ ಕೊರಳಾನ ಬಂಗಾರದ ಬೋರಮಾಳ ಒತ್ತಿ ಇಟ್ಟಿದ್ದು ಈ ನೌಕರಿಗೇನವ್ವ?"

ಅವಳು ಹೌದೆಂದು ತಲೆಯಾಡಿಸಿದಳು. ಅವನು ನಿಧಾನವಾಗಿ ಟೈ ಬಿಚ್ಚಿ ಮೇಜಿನ ಮೇಲಿಟ್ಟು, ಬಾಗಿಲ ಹೊರಗೆ ಕೂತವರಿಗೆ ಹೇಳಿದ: "ಏಳ್ರಪ್ಪ. ಇದು ಕಂಪನಿ ಅಲ್ಲ. ಆ ಸರನ್ನ ಹೊರಗ ಬಿಡಬ್ಯಾಡ್ರಿ." ಸಿಮೆಂಟಿನ ಚೀಲ ಹೊತ್ತು ಗಟ್ಟಿಯಾದ ಭುಜಗಳು ಬಾಗಿಲಿಗೆ ಅಡ್ಡವಾಗಿ ನಿಂತವು. ಕಾವ್ಯಾ ಆಗಲೇ ಪೊಲೀಸರಿಗೆ ಫೋನ್ ಹಚ್ಚಿದ್ದಳು.

ಅವಳು ಫೋನಿನಲ್ಲಿ ತನ್ನ ಪರಿಚಯ ಹೇಳುವುದು ಅಂಬಾದಾಸನಿಗೆ ಕೇಳಿಸುತ್ತಿತ್ತು. ದನಿ ನಡುಗದೆ, ಹೆಸರು, ಡಿಗ್ರಿ, ನಿಂತಿರುವ ಜಾಗ, ಎಲ್ಲ ಸ್ಪಷ್ಟ; ಅವನು ಕಲಿಸಿದ ಹಾಗೆಯೇ. ಕ್ಲಾಸಿನ ಮೊದಲ ದಿನ ಆಕೆ ಹೀಗಿರಲಿಲ್ಲ. ಎದ್ದು ನಿಂತು, ಎಲ್ಲ ಮಕ್ಕಳ ಹಾಗೆ, "ನನ್ನ ತಂದೆ..." ಎಂದು ಶುರು ಮಾಡಿದ್ದಳು. ಅಂಬಾದಾಸ ಕೈ ಎತ್ತಿ ಅಲ್ಲಿಗೇ ತಡೆದಿದ್ದ. ಅಪ್ಪ ಯಾರು, ಏನು ಮಾಡುತ್ತಾನೆ ಎಂಬುದು ಯಾವ ಕಂಪನಿಗೂ ಬೇಕಾಗಿಲ್ಲ, ಆ ಮಾತನ್ನು ಇನ್ನು ಮುಂದೆ ಎತ್ತಲೇಬಾರದು ಎಂದು ಇಡೀ ತರಗತಿಗೆ ಪಾಠ ಮಾಡಿದ್ದ. ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುವ ಹುಡುಗಿ ಮತ್ತೆಂದೂ ಅವನ ಮುಂದೆ ಅಪ್ಪನ ಮಾತು ಎತ್ತಿರಲಿಲ್ಲ.